ಒಂದು ಕಡೆ ಚಪ್ಪಟೆಯಾದ ವೃತ್ತ

“ಕೈಬರಹ ನನ್ನದೇ. ತಟ್ಟೆ ಮಾತ್ರ ನನ್ನದಲ್ಲ.”

ಪ್ರಯೋಗಾಲಯದ ಬಿಲ್ಲೆ ಮೇಡಂ ಹೀಗಂದದ್ದೇ ತಡ, ಚಿಕ್ಕಮ್ಮ ಅಂಗೈಯಿಂದ ಮೇಜಿಗೆ ಬಡಿದಳು. ಪೆನ್ನಿನ ಡಬ್ಬಿ ಉರುಳಿತು.

“ಮದುವೆ ನನ್ನದೇ, ಗಂಡ ಮಾತ್ರ ನನ್ನವನಲ್ಲ ಅಂದ ಹಾಗಾಯ್ತು! ಮೇಡಂ, ನನ್ನ ಅಕ್ಕನ ಮಗಳು ಆಸ್ಪತ್ರೆಯಲ್ಲಿ ಜ್ವರದಲ್ಲಿ ಬೇಯ್ತಾ ಇದ್ದಾಳೆ. ನನಗೆ ಒಗಟು ಬೇಡ.”

ಪೆನ್ನುಗಳನ್ನು ಎತ್ತಿಕೊಡಲು ನಾನು ಬಗ್ಗಿದೆ. ಯಾರು ಏನು ಬೀಳಿಸಿದರೂ ಎತ್ತಿಕೊಡುವುದು ನನ್ನ ಅಭ್ಯಾಸ. ಆದರೆ ಆವತ್ತು ಒಂದು ಪೆನ್ನನ್ನು ಮುರಿಯಬೇಕು ಅನ್ನಿಸಿತ್ತು. ಮುರಿಯಲಿಲ್ಲ. ಡಬ್ಬಿಗೆ ಹಾಕಿದೆ.

ಚಪ್ಪಲಿ ಕಚ್ಚಿ ಅಕ್ಕನ ಹಿಮ್ಮಡಿಯಲ್ಲಿ ಎದ್ದ ಒಂದು ಗುಳ್ಳೆ. ಅದರೊಳಗೆ ಹೊಕ್ಕ ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿ ಈಗ ಮಂಡಿ ದಾಟಿ ಮೇಲೆ ಹತ್ತಿತ್ತು. ವಾರ್ಡಿನ ಡಾಕ್ಟರು ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಪ್ರತಿದಿನ ಬೆಳಗ್ಗೆ ಕೆಂಪು ಗೆರೆ ದಾಟಿರುತ್ತಿತ್ತು. ಅವರು ಹೊಸ ಗೆರೆ ಎಳೆಯುತ್ತಿದ್ದರು. ತೊಡೆಯ ಗೆರೆಯನ್ನೂ ದಾಟಿದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಆವತ್ತು ಬೆಳಗ್ಗೆ ಹೇಳಿದ್ದರು, ಅದೂ ಕಾಲು ಉಳಿದರೆ ಸಾಲದು, ಜೀವ ಉಳಿಯಬೇಕು ಎಂಬ ದನಿಯಲ್ಲಿ.

ಪೆನಿಸಿಲಿನ್ ಅಕ್ಕನಿಗೆ ಆಗಿಬರುವುದಿಲ್ಲ. ಚಿಕ್ಕವಳಿದ್ದಾಗ ಒಂದು ಇಂಜೆಕ್ಷನ್‌ಗೆ ತುಟಿ ಊದಿ ಉಸಿರೇ ನಿಂತಿತ್ತು. ಹಾಗಾಗಿ ಕ್ಲಿಂಡಮೈಸಿನ್ ಎಂಬ ಔಷಧಿ ಕೊಡುತ್ತಿದ್ದರು. ಅದು ಈ ಕ್ರಿಮಿಯನ್ನು ಕೊಲ್ಲುತ್ತದೆ ಎಂದು ಈ ಪ್ರಯೋಗಾಲಯವೇ ಬರೆದುಕೊಟ್ಟಿತ್ತು. ಕೊಲ್ಲುತ್ತಿರಲಿಲ್ಲ.

ಬರೆದುಕೊಟ್ಟವರು ಯಾರು ಎಂದು ಕೇಳಲು ಚಿಕ್ಕಮ್ಮ ಬಂದಿದ್ದಳು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾದರೂ ಅವಳು ಕೇಳುವ ರೀತಿ ಬದಲಾಗಿರಲಿಲ್ಲ.

“ಈ ತಟ್ಟೆ ನಿಮಗೆ ಕೊಟ್ಟೋರು ಯಾರು?” ಮೇಡಂ ಕೇಳಿದರು.

“ನಿಮ್ಮ ಅಳಿಯ ಸಾರ್. ‘ಮೇಡಂ ಮಾಡಿದ ಪರೀಕ್ಷೆ, ಮೇಡಂ ಅಂಟಿಸಿದ ಚೀಟಿ, ನಾನು ಬರೀ ಓದಿ ಹೇಳಿದೆ’ ಅಂದ್ರು. ಕೇಳೋ ಮೊದಲೇ ಟೇಪು ಸುತ್ತಿ ಕೈಗೆ ಕೊಟ್ರು. ಭಾರಿ ಉಪಕಾರಿ ಮನುಷ್ಯ.”

ಅಳಿಯ ಸಾರ್ ಎಂದರೆ ಸಂಸ್ಥೆಯ ಮುಖ್ಯಸ್ಥರ ಮಗಳ ಗಂಡ. ಇಡೀ ಕಟ್ಟಡದಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಕ್ಲಿಂಡಮೈಸಿನ್ ಇನ್ನೂ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅವರು ಪ್ರಬಂಧ ಬರೆದಿದ್ದರು. ಅದು ಸೋಲುತ್ತಿದೆ ಎಂದು ಬಿಲ್ಲೆ ಮೇಡಂ ಸಂಶೋಧನೆ ಮಾಡುತ್ತಿದ್ದರು. ಅಕ್ಕನ ಪರೀಕ್ಷೆಗೆ ತಟ್ಟೆ ಇಟ್ಟ ಸಂಜೆಯೇ ಮೇಡಂ ಆ ವಿಷಯ ಮಾತಾಡಲು ಪರವೂರಿನ ಸಮ್ಮೇಳನಕ್ಕೆ ಹೋಗಿದ್ದರು. ಮರಳಿದ್ದು ನಾವು ಹೋದ ದಿನವೇ.

ಮೇಡಂ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇಲ್ಲಿ ಬಾಮ್ಮ, ನೀನೂ ನೋಡು.”

ನನ್ನನ್ನೇ ಕರೆದದ್ದು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸಾಮಾನ್ಯವಾಗಿ ನನ್ನನ್ನು ಯಾರೂ ಕರೆಯುವುದಿಲ್ಲ.

ಅಂಗೈಯಗಲದ ಮುಚ್ಚಳದ ತಟ್ಟೆ. ಒಳಗೆ ರಕ್ತ ಬೆರೆಸಿದ ಗಟ್ಟಿ ಅಂಟು. ಅದರ ಮೇಲೆ ಅಕ್ಕನ ಗಾಯದ ಕ್ರಿಮಿ ಬೆಳೆದಿತ್ತು. ಬೆಳೆದ ಕಡೆಯೆಲ್ಲ ರಕ್ತವನ್ನು ತಿಂದು ಕೆಂಪನ್ನು ಅಳಿಸಿ, ಒಗೆದು ಸವೆದ ಬಟ್ಟೆಯ ಬಣ್ಣ ಮಾಡಿತ್ತು. ಅಂಚಿನ ಸುತ್ತ ಪುಟ್ಟ ಬಿಳಿ ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧಿ. ಔಷಧಿ ಗೆದ್ದ ಕಡೆ ಬಿಲ್ಲೆಯ ಸುತ್ತ ರಕ್ತ ಕೆಂಪಾಗಿಯೇ ಉಳಿದಿತ್ತು.

ತಟ್ಟೆಯಲ್ಲಿ ಕೆಂಪು ಉಳಿಯಬೇಕು. ಅಕ್ಕನ ಕಾಲಿನಲ್ಲಿ ಕೆಂಪು ಹೋಗಬೇಕು. ಕಾಲಿನಲ್ಲಿ ಹೋಗಿರಲಿಲ್ಲ; ತಟ್ಟೆಯಲ್ಲಿ ಉಳಿದದ್ದೂ ಸುಳ್ಳು ಎಂದು ಇನ್ನೂ ಗೊತ್ತಿರಲಿಲ್ಲ.

“ಇದು ಕ್ಲಿಂಡಮೈಸಿನ್. ಸುತ್ತ ದುಂಡಗೆ ಕೆಂಪು. ಯಾರು ನೋಡಿದ್ರೂ ಔಷಧಿ ಗೆದ್ದಿದೆ ಅಂತಾರೆ. ಈಗ ಎದುರು ಅಂಚು ನೋಡು. ಅದು ಎರಿತ್ರೊಮೈಸಿನ್.”

“ಅದರ ಸುತ್ತ ಕೆಂಪೇ ಇಲ್ಲ,” ಎಂದೆ.

“ಇಲ್ಲ. ಅದು ಸೋತಿದೆ. ಇವೆರಡೂ ಒಂದು ಮನೆತನದ ಔಷಧಿಗಳ ಹಾಗೆ. ಮೊದಲನೆಯದು ಸೋತಾಗ ಎರಡನೆಯದನ್ನ ಹಾಗೇ ನಂಬಬಾರದು. ಅದಕ್ಕೇ ನಾನು ಇವೆರಡನ್ನ ಯಾವಾಗಲೂ ಅಕ್ಕಪಕ್ಕ ಇಡ್ತೀನಿ. ಚಿಮಟ ಹಿಡಿದು, ಕೈಯಾರೆ. ಎರಿತ್ರೊಮೈಸಿನ್ ಕೆಲವು ಕ್ರಿಮಿಗಳನ್ನ ಕೊಲ್ಲಲ್ಲ, ಎಬ್ಬಿಸುತ್ತೆ. ಎಚ್ಚರಾದ ಕ್ರಿಮಿ ಪಕ್ಕದ ಔಷಧಿಯನ್ನೂ ಒದ್ದು ಓಡಿಸುತ್ತೆ. ಆಗ ಈ ವೃತ್ತ ಆ ಬದಿಗೆ ಚಪ್ಪಟೆ ಆಗುತ್ತೆ, ಕಚ್ಚಿದ ಬಿಸ್ಕತ್ತಿನ ಥರ.”

“ದೂರ ಇಟ್ರೆ?” ಚಿಕ್ಕಮ್ಮನ ದನಿ ತಗ್ಗಿತ್ತು. ಅವಳ ದನಿ ತಗ್ಗಿದರೆ ಯಾರಿಗೋ ಕಾದಿದೆ ಎಂದರ್ಥ.

“ದೂರ ಇಟ್ರೆ ಹೀಗೇ, ಮುದ್ದಾಗಿ ದುಂಡಗೆ ಬರುತ್ತೆ. ಮೈಯೊಳಗೆ ಇಳಿದ ಮೇಲೆ ಕೈಕೊಡುತ್ತೆ.”

“ಜಗಳಗಂಟಿ ಓರಗಿತ್ತಿಯರನ್ನ ಬೇರೆ ಬೇರೆ ಬೀದಿಯಲ್ಲಿಟ್ಟು, ನೋಡಿ ನಮ್ಮನೇಲಿ ಎಷ್ಟು ಶಾಂತಿ ಅಂದ ಹಾಗೆ.”

“ಹಾಗೇ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕ್ರಿಮಿ ನಿಜ, ಔಷಧಿ ನಿಜ. ಇಟ್ಟ ಜಾಗ ಒಂದೇ ಮೋಸ.” ಮೇಡಂ ತಟ್ಟೆಯನ್ನು ಕೆಳಗಿಟ್ಟರು. “ನಾನು ಅಲ್ಲಿ ವೇದಿಕೆ ಮೇಲೆ ನಿಂತು ಇದನ್ನೇ ಬಡಕೊಳ್ತಿದ್ದೆ. ಇಲ್ಲಿ ನನ್ನ ಚೀಟಿ ಕಿತ್ತು ಬೇರೆ ತಟ್ಟೆಗೆ ಅಂಟಿಸಿದ್ದಾರೆ.”

ಚಿಕ್ಕಮ್ಮ ತಟ್ಟೆಯನ್ನು ಬೋರಲು ಹಾಕಿದಳು. ತಳದಲ್ಲಿ ಅಂಟಿಸಿದ್ದ ಚೀಟಿಯ ಒಂದು ಮೂಲೆ ಇರಲಿಲ್ಲ. ಇಲಿ ಕಡಿದಂತೆ ಹರಿದಿತ್ತು.

“ಮೂಲೆ ಎಲ್ಲಿದೆಯೋ ನಿಮ್ಮ ತಟ್ಟೆ ಅಲ್ಲಿದೆ. ಬಿಸಾಕಿದ ತಟ್ಟೆಗಳು ಎಲ್ಲಿ ಹೋಗ್ತವೆ?”

“ಆವಿಯಲ್ಲಿ ಬೇಯಿಸಿ ಕ್ರಿಮಿ ಸಾಯಿಸಿ ಆಮೇಲೆ...” ಮೇಡಂ ಅರ್ಧಕ್ಕೆ ನಿಂತರು. ಎದ್ದರು. “ಆವಿಯ ಯಂತ್ರ ಕೆಟ್ಟಿದೆ!”

*

ತೊಳೆಯುವ ಕೋಣೆಯ ಮೂಲೆಯಲ್ಲಿ ಕೆಂಪು ಚೀಲಗಳು ಸೊಂಟದ ಎತ್ತರಕ್ಕೆ ಬಿದ್ದಿದ್ದವು. ಯಂತ್ರದ ಬಾಗಿಲಿನ ರಬ್ಬರ್ ಸೀಳಿ ಹೋಗಿ, ಹೊಸದು ಬಂದಿರಲಿಲ್ಲ. ದುರಸ್ತಿಯವರನ್ನು ಬೈಯದವರು ಆ ಕಟ್ಟಡದಲ್ಲಿ ಇರಲಿಲ್ಲವಂತೆ. ನಾನು ಮನಸ್ಸಿನಲ್ಲೇ ಅವರಿಗೆ ಕೈಮುಗಿದೆ. ಯಂತ್ರ ಓಡಿದ್ದರೆ ತಟ್ಟೆಗಳೆಲ್ಲ ಕರಗಿ ಮುದ್ದೆಯಾಗಿರುತ್ತಿದ್ದವು.

ಕೈಗವಸು, ಮುಖವಾಡ ಹಾಕಿಕೊಂಡು ಮೂವರೂ ಕೂತೆವು. ಮೇಡಂ ಚೀಲ ಬಿಚ್ಚುತ್ತ ಬೈಯುತ್ತಲೇ ಇದ್ದರು, ಯಾರನ್ನು ಎಂದಿಲ್ಲ.

“ಗಂಟಲು ಕೆರೆದ್ರೆ ಒಂದು ಗುಳಿಗೆ. ಮೂಗು ಸೋರಿದ್ರೆ ಇನ್ನೊಂದು. ಎರಡು ದಿನಕ್ಕೆ ಹುಷಾರಾಯ್ತು ಅಂತ ಉಳಿದದ್ದನ್ನ ಡಬ್ಬಿಗೆ ಹಾಕಿಡೋದು. ಸಾಯೋ ಕ್ರಿಮಿ ಸಾಯುತ್ತೆ, ಉಳಿದದ್ದು ಪಾಠ ಕಲೀತದೆ. ಆ ಪಾಠ ಮುಂದೆ ಯಾರ ಮೈಮೇಲೆ ಒಪ್ಪಿಸುತ್ತೋ!”

“ಮೇಡಂ, ಭಾಷಣ ಆಮೇಲೆ. ಇದು ನೋಡಿ,” ಎಂದಳು ಚಿಕ್ಕಮ್ಮ.

ಅವಳು ಹಿಡಿದದ್ದು ಅಲ್ಲ. ಅದರ ಮುಂದಿನದೂ ಅಲ್ಲ. ಸಿಕ್ಕಿದ್ದು ನನ್ನ ಕೈಗೆ. ತಳದಲ್ಲಿ ಚೀಟಿ ಇಲ್ಲದ, ಒಂದು ಮೂಲೆ ಮಾತ್ರ ಅಂಟಿಕೊಂಡ ತಟ್ಟೆ. ನಾನು ಏನೂ ಹೇಳದೆ ಎತ್ತಿ ಹಿಡಿದೆ.

ಚಿಕ್ಕಮ್ಮ ಸುಳ್ಳು ತಟ್ಟೆಯನ್ನು ಅದರ ಪಕ್ಕಕ್ಕೆ ತಂದಳು. ಹರಿದ ಅಂಚಿಗೆ ಹರಿದ ಅಂಚು ಕೂಡಿತು. ಮೇಡಂ ಬರೆದ ಕೊನೆಯ ಅಂಕಿಯ ಬಾಲ ಇದರಲ್ಲಿತ್ತು, ತಲೆ ಅದರಲ್ಲಿತ್ತು.

“ಮೌನಗೌರಿ, ಸಿಕ್ಕಿದ್ರೆ ಬಾಯಿಬಿಟ್ಟು ಹೇಳೋಕೆ ಏನೇ ಕಷ್ಟ?” ಚಿಕ್ಕಮ್ಮ ನನ್ನ ತಲೆಗೆ ಮೊಟಕಿದಳು. ಅವಳ ಕಣ್ಣು ತೇವವಾಗಿತ್ತು.

ಮೇಡಂ ತಟ್ಟೆಯನ್ನು ಸರಿಯಾಗಿ ತಿರುಗಿಸಿದರು. ಎರಡು ಬಿಲ್ಲೆಗಳು ಒಂದರ ಪಕ್ಕ ಒಂದು. ಒಂದರ ಸುತ್ತ ಏನೂ ಇಲ್ಲ. ಇನ್ನೊಂದರ ಸುತ್ತ ಕೆಂಪು ವೃತ್ತ, ಪಕ್ಕದವಳ ಕಡೆಗೆ ಮಾತ್ರ ಯಾರೋ ಅಂಗೈಯಿಂದ ಒತ್ತಿದಂತೆ ಚಪ್ಪಟೆ.

ಅಕ್ಕನಿಗೆ ಇಷ್ಟು ದಿನ ನರದೊಳಗೆ ಹನಿಹನಿಯಾಗಿ ಇಳಿಸುತ್ತಿದ್ದದ್ದು ಏನು ಎಂದು ಆಗ ಕಣ್ಣಿಗೆ ಕಂಡಿತು. ಬಾಟಲಿ ಖಾಲಿಯಾದಾಗಲೆಲ್ಲ ಸಿಸ್ಟರನ್ನು ಕರೆದು ಇನ್ನೊಂದು ಹಾಕಿಸಿದವಳು ನಾನೇ. ಬೇಗ ಹಾಕಿ ಎಂದು ಗೋಗರೆದಿದ್ದೆ.

ಮೇಡಂ ವಾರ್ಡಿಗೆ ಫೋನ್ ಮಾಡಿದರು. ಡಾಕ್ಟರ ದನಿ ಪಕ್ಕದಲ್ಲಿದ್ದ ನಮಗೂ ಕೇಳಿಸುವಷ್ಟು ಜೋರಾಗಿತ್ತು.

“ಮೇಡಂ, ನಿಮ್ಮ ಲ್ಯಾಬಿನ ಕಾಗದ ನಂಬಿಯೇ ಇಲ್ಲಿಗೆ ಬಂದು ನಿಂತಿದ್ದೀನಿ. ಇನ್ನು ಬಾಯಿಮಾತು ನಂಬಲ್ಲ. ಬೇರೆ ಇಂಜೆಕ್ಷನ್ ಇದೆ, ಆದರೆ ಅವರ ಕಿಡ್ನಿ ಮೊದಲೇ ಸೋತಿದೆ. ಸುಮ್ಮನೆ ಕೊಟ್ಟು ಅದನ್ನೂ ಕಳೆಯೋಕೆ ನಾನು ತಯಾರಿಲ್ಲ. ತಟ್ಟೆ ತಂದು ತೋರಿಸಿ. ಕಣ್ಣಾರೆ ನೋಡಿದ ಮರುಗಳಿಗೆಯೇ ಬದಲಾಯಿಸ್ತೀನಿ.”

“ಮತ್ತೆ ಪರೀಕ್ಷೆ ಮಾಡಿದ್ರೆ ಒಂದು ರಾತ್ರಿ ಬೇಕು,” ಮೇಡಂ ಫೋನ್ ಇಟ್ಟರು. “ಅಷ್ಟು ಹೊತ್ತು ನಮ್ಮ ಹತ್ರ ಇಲ್ಲ. ಇದೊಂದೇ.”

ತಟ್ಟೆಗೆ ಟೇಪು ಸುತ್ತಿ, ಎರಡು ಚೀಲದೊಳಗೆ ಹಾಕಿ ನನ್ನ ಕೈಗೆ ಕೊಟ್ಟರು. ಅಳಿಯ ಸಾರ್ ಮಾವನ ಜೊತೆ ಊಟಕ್ಕೆ ಹೊರಡುವ ಮೊದಲೇ ಹಿಡಿಯಬೇಕು ಎಂದು ಚಿಕ್ಕಮ್ಮ ಮೆಟ್ಟಿಲ ಕಡೆ ಓಡುತ್ತಿದ್ದಳು. “ನೀನು ಆಸ್ಪತ್ರೆಗೆ ಓಡು!”

ಗೇಟಿನ ಹತ್ತಿರ ಭಾವನ ಸ್ಕೂಟರ್ ನಿಂತಿತು.

ಭಾವ ಎಂದರೆ ಅಕ್ಕನ ಗಂಡ. ಔಷಧಿ ಕಂಪನಿಯ ಪ್ರತಿನಿಧಿ. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಮಲಗಿ ಅಂಗಿ ಮುದ್ದೆಯಾಗಿತ್ತು. ಗಡ್ಡ ಬೆಳೆದಿತ್ತು. ಅಷ್ಟರಲ್ಲೂ ನನ್ನನ್ನು ನೋಡಿ, “ಊಟ ಮಾಡಿದ್ಯೇನೇ ಮರಿ?” ಎಂದು ಕೇಳಿದರು.

ನಾನು ಎಲ್ಲ ಹೇಳಿದೆ. ನನ್ನ ಜನ್ಮದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿರಲಿಲ್ಲ.

ಭಾವ ಕಣ್ಣು ಮುಚ್ಚಿ ತೆರೆದರು. “ಕೊಡು ಇಲ್ಲಿ. ಬಸ್ಸಿಗೆ ಕಾಯ್ತಾ ನಿಂತ್ರೆ ಸಂಜೆ ಆಗುತ್ತೆ. ನಾನು ಹಳಿ ದಾಟಿ ಒಳದಾರಿಯಲ್ಲಿ ಹೋಗ್ತೀನಿ.”

“ನಾನೂ ಬರ್ತೀನಿ ಭಾವ.”

“ಎಲ್ಲಿ ಕೂರ್ತೀಯಾ?” ಹಿಂದಿನ ಸೀಟಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಹಗ್ಗದಿಂದ ಬಿಗಿದಿದ್ದರು. “ನೀನು ಚಿಕ್ಕತ್ತೆ ಜೊತೆ ಇರು. ಆ ಸಿಟ್ಟಿಗೆ ಅವರಿಗೆ ಬಿ.ಪಿ. ಏರಿ ಇನ್ನೊಂದು ಹಾಸಿಗೆ ಹುಡುಕೋ ಹಾಗಾಗುತ್ತೆ.”

ಅವರು ಹೆಗಲ ಚೀಲ ತೆರೆದು ತಟ್ಟೆಯನ್ನು ಒಳಗಿಟ್ಟರು. ಮಾದರಿ ಗುಳಿಗೆಗಳ ಪಟ್ಟಿಗಳು ಚರಚರ ಸದ್ದು ಮಾಡಿದವು. ಅಕ್ಕನ ಅಡುಗೆಮನೆಯ ಡ್ರಾಯರ್ ನೆನಪಾಯಿತು. ಚಮಚ ಹುಡುಕಲು ಎಳೆದರೆ ಇದೇ ಸದ್ದು. ಒಂದರಲ್ಲಿ ಎರಡು ಗುಳಿಗೆ ಉಳಿದಿರುತ್ತಿತ್ತು, ಇನ್ನೊಂದರಲ್ಲಿ ಮೂರು. “ನಮ್ಮನೇಲಿ ಉಪ್ಪಿಗೆ ಬರ ಬಂದ್ರೂ ಔಷಧಿಗೆ ಬರ ಇಲ್ಲ ಕಣೇ,” ಎಂದು ಅಕ್ಕ ನಗುತ್ತಿದ್ದಳು.

ಸ್ಕೂಟರ್ ತಿರುವಿನಲ್ಲಿ ಮರೆಯಾಯಿತು. ನನಗೆ ಅಳು ಬರುವಷ್ಟು ಹಗುರವಾಯಿತು.

*

ನಾನು ಮೇಲೆ ಹೋದಾಗ ಅಳಿಯ ಸಾರ್ ಕೋಟು ತೊಟ್ಟು ನಿಂತಿದ್ದರು. ಬಾಗಿಲಿಗೆ ಅಡ್ಡವಾಗಿ ಚಿಕ್ಕಮ್ಮ.

“ನೋಡೀಮ್ಮ, ನನಗೆ ಮೀಟಿಂಗ್ ಇದೆ.”

“ಊಟ ತಣ್ಣಗಾದ್ರೆ ಮಾವ ಬಿಸಿ ಮಾಡಿಸ್ತಾರೆ. ಕೂತ್ಕೊಳ್ಳಿ. ಆ ಡಬ್ಬಿ ಏನು?”

ಕಿಟಕಿಯ ಹತ್ತಿರ, ಗಾಜಿನ ಗೂಡಿನೊಳಗೆ, ದುಂಡನೆಯ ಒಂದು ಉಪಕರಣ ಇತ್ತು. ಮೇಲೆ ಸುತ್ತಲೂ ಪುಟ್ಟ ಕೊಳವೆಗಳು, ಪ್ರತಿಯೊಂದರಲ್ಲೂ ಒಂದೊಂದು ಔಷಧಿಯ ಬಿಲ್ಲೆಗಳ ಅಡಕ. ತಟ್ಟೆಯ ಮೇಲಿಟ್ಟು ಒತ್ತಿದರೆ ಎಲ್ಲ ಬಿಲ್ಲೆಗಳೂ ಒಟ್ಟಿಗೆ ಉದುರುತ್ತವಂತೆ.

“ಬಿಲ್ಲೆ ಹಾಕೋದು. ಸಮಯ ಉಳಿಯುತ್ತೆ. ಮೇಡಂ ಥರ ಚಿಮಟ ಹಿಡಿದು ರಂಗೋಲಿ ಹಾಕ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲ.”

“ಬೇರೆ ಯಾರು ಬಳಸ್ತಾರೆ?”

“ಯಾರೂ ಇಲ್ಲ,” ಹಿಂದಿನಿಂದ ಮೇಡಂ ಹೇಳಿದರು. “ಗೂಡಿನ ಬೀಗದ ಕೈ ಅವರ ಹತ್ರವೇ ಇರೋದು. ಮಾವ ಕೊಡಿಸಿದ ಉಡುಗೊರೆ.”

ಚಿಕ್ಕಮ್ಮ ಕೈ ಚಾಚಿದಳು. ಅವಳು ಕೈ ಚಾಚಿದರೆ ಜನ ಕೊಟ್ಟುಬಿಡುತ್ತಾರೆ, ಯಾಕೆಂದು ನನಗಿನ್ನೂ ತಿಳಿದಿಲ್ಲ. ಅಳಿಯ ಸಾರ್ ಬೀಗ ತೆಗೆದರು. ಮೇಡಂ ಸುಳ್ಳು ತಟ್ಟೆಯನ್ನು ಉಪಕರಣದ ಕೆಳಗಿಟ್ಟು ನಿಧಾನವಾಗಿ ತಿರುಗಿಸಿದರು. ಒಂದು ಕಡೆ ಬಂದಾಗ ನಿಲ್ಲಿಸಿದರು.

ಪ್ರತಿ ಕೊಳವೆಯ ಕೆಳಗೂ ಒಂದು ಬಿಲ್ಲೆ. ಕೊಳವೆಯಲ್ಲಿ ಯಾವ ಔಷಧಿಯೋ ಬಿಲ್ಲೆಯಲ್ಲೂ ಅದೇ. ಒಂದಾದ ಮೇಲೊಂದು ಮೇಡಂ ಓದಿ ಹೇಳಿದರು. ಒಂದೂ ತಪ್ಪಲಿಲ್ಲ. ಎರಿತ್ರೊಮೈಸಿನ್ ಒಂದು ತುದಿ, ಕ್ಲಿಂಡಮೈಸಿನ್ ಇನ್ನೊಂದು ತುದಿ.

“ನನ್ನ ಕೈಬರಹದ ಚೀಟಿ ಅಂಟಿಸೋಕೆ ಬುದ್ಧಿ ಇತ್ತು,” ಮೇಡಂ ಹೇಳಿದರು. “ನನ್ನ ಹಾಗೆ ಬಿಲ್ಲೆ ಇಡೋಕೆ ಸೋಮಾರಿತನ. ಒತ್ತಿದ್ರೆ ಬಿತ್ತು, ಮುಗೀತು.”

“ಇದು... ಇದು ಎರಡನೇ ತಟ್ಟೆ ಅಷ್ಟೇ. ಖಾತ್ರಿಗೆ ಅಂತ ಮಾಡಿದ್ದು. ಚೀಟಿ ಅದಲುಬದಲಾಗಿರಬಹುದು.”

“ಹಾರಿ ಬಂದು ಕೂತಿತೇನೋ ಚೀಟಿ, ಚಿಟ್ಟೆ ಥರ!” ಚಿಕ್ಕಮ್ಮ ಅವರ ಮುಖದ ಹತ್ತಿರ ಬಂದಳು. “ನನ್ನ ಮಗಳ ಕಾಲ ಮೇಲೆ ಗೆರೆ ಎಳೀತಿದ್ದಾರೆ ಕಣ್ರೀ. ಬಟ್ಟೆ ಕತ್ತರಿಸೋ ಮೊದಲು ದರ್ಜಿ ಎಳೀತಾನಲ್ಲ, ಹಾಗೆ. ಹೇಳಿ, ಈ ತಟ್ಟೆಯಲ್ಲಿ ಕ್ರಿಮಿ ಬೆಳೆಯೋಕೆ ಎಷ್ಟು ಹೊತ್ತು ಬೇಕು?”

“ಒಂದು ರಾತ್ರಿ.”

“ಮೇಡಂ ಸಂಜೆ ತಟ್ಟೆ ಇಟ್ಟು ಹೋದ್ರು. ಬೆಳಗ್ಗೆ ನಿಮ್ಮ ರಿಪೋರ್ಟು ವಾರ್ಡಿಗೆ ಹೋಯ್ತು. ಅಂದ್ರೆ ಈ ತಟ್ಟೆಯನ್ನ ನೀವು ಅದೇ ಸಂಜೆ ಮಾಡಿಟ್ರಿ. ವೃತ್ತ ಚಪ್ಪಟೆ ಬರುತ್ತೋ ದುಂಡಗೆ ಬರುತ್ತೋ ದೇವರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ. ನಿಮಗೆ ಹೇಗೆ ಗೊತ್ತಾಯ್ತು?”

ಅಳಿಯ ಸಾರ್ ಕೋಟಿನ ಗುಂಡಿ ಬಿಚ್ಚಿದರು.

“ನನಗೆ ಗೊತ್ತಿರಲಿಲ್ಲ.”

“ಮತ್ತೆ?”

ಗೋಡೆಯ ಯಂತ್ರದಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಅಂಥ ಕೋಣೆಯಲ್ಲಿ ಕೋಟು ತೊಟ್ಟು ನಿಂತ ಆ ಮನುಷ್ಯನ ಕತ್ತಿನಲ್ಲಿ ಬೆವರು.

ಆಗ ಯಾರೋ ಕಿರುಚಿದರು. “ಮತ್ತೆ ಯಾರಿಗೆ ಗೊತ್ತಿತ್ತು, ಬೊಗಳೋ!”

ಕಿರುಚಿದ್ದು ನಾನು.

ಚಿಕ್ಕಮ್ಮ ತಿರುಗಿ ನೋಡಿದಳು. ನನ್ನ ಕೈಯಲ್ಲಿ ಅವರ ಮೇಜಿನ ಪೇಪರ್‌ವೇಟ್ ಇತ್ತು. ಅದನ್ನು ಯಾವಾಗ ಎತ್ತಿಕೊಂಡೆನೋ ತಿಳಿಯದು.

ಅಳಿಯ ಸಾರ್ ಕುರ್ಚಿಯಲ್ಲಿ ಕುಸಿದರು. “ನಾನಾಗಿ ಮಾಡಿದ್ದಲ್ಲ. ಬಂದು ಕೈ ಹಿಡಕೊಂಡ್ರು. ‘ಮೇಡಂ ಪರೀಕ್ಷೆಯಲ್ಲಿ ಔಷಧಿ ಸೋಲುತ್ತೆ ಸಾರ್, ನಿಮ್ಮ ಪ್ರಬಂಧಕ್ಕೂ ಕುತ್ತು, ನನ್ನ ಕೆಲಸಕ್ಕೂ ಕುತ್ತು’ ಅಂದ್ರು. ಎರಡು ವರ್ಷದಿಂದ ಮನೇಲಿ ಗಂಟಲು ನೋವು ಅಂದಾಗೆಲ್ಲ ಅದೇ ಕ್ಲಿಂಡಮೈಸಿನ್ ಕೊಡ್ತಿದ್ರಂತೆ, ಡಾಕ್ಟರ ಚೀಟಿ ಇಲ್ಲ, ಲೆಕ್ಕ ಇಲ್ಲ. ಡಾಕ್ಟರಿಗೆ ಹಂಚಬೇಕಾದ ಮಾದರಿ ಗುಳಿಗೆಗಳು. ಈಗೀಗ ಹತ್ತುತ್ತಲೇ ಇರಲಿಲ್ಲವಂತೆ. ಅದು ಹೊರಗೆ ಬಂದ್ರೆ...”

ಪೇಪರ್‌ವೇಟ್ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನಾನು ಎತ್ತಿಕೊಳ್ಳಲಿಲ್ಲ.

“ಬೇರೆ ಔಷಧಿಯೂ ಜೊತೆಗೆ ಕೊಡ್ತಿದ್ದಾರೆ, ಏನೂ ಆಗಲ್ಲ ಅಂದ್ರು! ನಾನು ನಂಬಿದೆ. ಸ್ವಂತ ಗಂಡನೇ ಬಂದು ಹೇಳಿದ್ರೆ ಯಾರಾದ್ರೂ ನಂಬ್ತಾರೆ.”

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ತಟ್ಟೆ ಎಲ್ಲಿ?”

ನಾನು ಕಿಟಕಿಯಾಚೆ ಗೇಟಿನ ಕಡೆ ನೋಡಿದೆ.

“ನೀನು ಆಸ್ಪತ್ರೆಗೆ ಹೋಗಬೇಕಿತ್ತು. ಇಲ್ಲಿ ಹೇಗೆ ನಿಂತಿದ್ದೀಯಾ? ತಟ್ಟೆ ಯಾರ ಹತ್ರ ಇದೆಯೇ?”

ಹೇಳಬೇಕಾಗಲಿಲ್ಲ. ಚಿಕ್ಕಮ್ಮ ಮೇಜಿನ ಮೇಲಿನ ಫೋನ್ ಎಳೆದು ವಾರ್ಡಿನ ನಂಬರ್ ತಿರುಗಿಸಿದಳು. ಆ ಕಡೆ ಗಂಟೆ ಬಾರಿಸಿತು, ಬಾರಿಸಿತು. ಕೊನೆಗೆ ವಾರ್ಡಿನ ಸಿಸ್ಟರ್ ಎತ್ತಿದರು. ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದಾರೆ ಎಂದರು. ಯಾರೂ ತಟ್ಟೆ ಗಿಟ್ಟೆ ತಂದುಕೊಟ್ಟಿಲ್ಲ ಎಂದರು.

“ಅವಳ ಗಂಡ ಬಂದ್ನಾ?”

“ಬಂದ್ರು, ಆಗಲೇ ಬಂದ್ರು. ಹೆಂಡತಿ ಹಣೆ ಒರೆಸಿ, ಕಾಲಿಗೆ ದಿಂಬು ಸರಿ ಮಾಡಿ ಹೋದ್ರು. ಬಟ್ಟೆ ಆವಿಯಲ್ಲಿ ಶುದ್ಧ ಮಾಡೋ ಯಂತ್ರ ಎಲ್ಲಿದೆ ಅಂತ ಕೇಳಿದ್ರು. ಹೆಂಡತಿ ಬಟ್ಟೆ ಹಾಕಿಸಬೇಕಂತೆ. ಇಂಥ ಗಂಡ ಯಾರಿಗೆ ಸಿಗ್ತಾರಮ್ಮ!”

ನಾನು ಚಿಕ್ಕಮ್ಮನ ಕೈಯಿಂದ ಫೋನ್ ಕಿತ್ತುಕೊಂಡೆ.

“ಸಿಸ್ಟರ್, ನಿಮ್ಮ ಯಂತ್ರ ಕೆಟ್ಟಿದೆಯಾ? ಕೆಟ್ಟಿದೆ ತಾನೇ?”

“ಅಯ್ಯೋ, ನಮ್ಮದು ಯಾವತ್ತೂ ಕೆಟ್ಟಿಲ್ಲ,” ಸಿಸ್ಟರ್ ನಕ್ಕರು. “ಈಗಷ್ಟೇ ಬಾಗಿಲು ಹಾಕಿ ಶುರು ಮಾಡಿದ್ರು. ಪಕ್ಕದ ಕೋಣೆಯಲ್ಲೇ. ನಿಮಗೂ ಸದ್ದು ಕೇಳಿಸ್ತಿರಬೇಕಲ್ಲ?”

ಕೇಳಿಸುತ್ತಿತ್ತು.